ಬೆಳೆ ಮನೆಗೆ ಬರೋ ಮೊದಲೇ ಯಾಕೆ ಹಂಚ್ತಾರೆ? ಎಳ್ಳ ಅಮಾವಾಸ್ಯೆಯ ಲೆಕ್ಕ

ಇವತ್ತು ಒಂದು ಅಮಾವಾಸ್ಯೆ ಬಗ್ಗೆ ಮಾತಾಡೋಣ. ಬೆಂಗಳೂರಿನ ನನ್ನ ಆಫೀಸಿನ ರಜಾ ಪಟ್ಟಿಯಲ್ಲಿ ಇದು ಇಲ್ಲ. ಆದರೆ ಅವತ್ತು ನಮ್ಮ ಕಲಬುರಗಿ, ಬೀದರ್ ಕಡೆ ಬಂದು ನೋಡಿ. ಮಧ್ಯಾಹ್ನದ ಹೊತ್ತಿಗೆ ರಸ್ತೆ ಖಾಲಿ, ಜನರೆಲ್ಲ ಹೊಲದಲ್ಲಿ. ಹೊಲ ಇಲ್ಲದವರೂ ಇನ್ನೊಬ್ಬರ ಹೊಲದಲ್ಲಿ.

ಮಾರ್ಗಶಿರ ಮಾಸದ ಕೊನೆಯ ದಿನ, ಎಳ್ಳ ಅಮಾವಾಸ್ಯೆ. ನಮ್ಮ ಬಾಯಲ್ಲಿ ಎಳ್ಳ ಅಮಾಸಿ. 2025ರಲ್ಲಿ ಡಿಸೆಂಬರ್ 19ಕ್ಕೆ ಬಂದಿತ್ತು. ಚಂದ್ರನ ಲೆಕ್ಕ ಆದ್ದರಿಂದ ತಾರೀಖು ಓಡಾಡ್ತಾ ಇರುತ್ತೆ: 2023ರಲ್ಲಿ ಎಳ್ಳ ಅಮಾವಾಸ್ಯೆ ಬರಲೇ ಇಲ್ಲ, 2024ರಲ್ಲಿ ಎರಡು ಸಲ ಬಂತು, ಜನವರಿ 11 ಮತ್ತು ಡಿಸೆಂಬರ್ 30.

ಅವತ್ತು ಹೊಲದಲ್ಲಿ ಏನಿರುತ್ತೆ? ಹಿಂಗಾರಿ ಜೋಳ ಕಪ್ಪು ಮಣ್ಣಿನ ತೇವದಲ್ಲೇ ಬೆಳೆದು ನಿಂತಿರುತ್ತೆ. ಕಡಲೆ ಹೂವು, ಕಾಯಿ. ತೊಗರಿ ಕಾಯಿ ತುಂಬಿಕೊಂಡಿರುತ್ತೆ, ಕೆಲವು ಕಡೆ ಕಟಾವೂ ಶುರುವಾಗಿರುತ್ತೆ. ಅಂದರೆ ಬೆಳೆ ಕಣ್ಣಿಗೆ ಕಾಣುತ್ತೆ, ಕೈಗೆ ಬಂದಿಲ್ಲ. ಇನ್ನೊಂದು ಅಕಾಲಿಕ ಮಳೆ ಬಂದರೆ ಮುಗೀತು. ಇಂಥ ದಿನ ನಮ್ಮವರು ಅಡುಗೆ ಮಾಡಿ ಮಣ್ಣಿಗೆ ಚೆಲ್ತಾರೆ! ಸುಗ್ಗಿ ಆದ ಮೇಲೆ ಹಂಚೋದು ಬೇರೆ ವಿಷಯ. ಇದು ಅದಕ್ಕೂ ಮುಂಚೆಯ ಕೊಡುಗೆ.

ಹಿರಿಯರು ಇದಕ್ಕೆ ಕೊಡೋ ಕಾರಣ ಸರಳ: ಭೂಮಿತಾಯಿ ಈಗ ಬಸುರಿ. ಬಸುರಿಗೆ ಬಯಕೆ ಊಟ ಹಾಕ್ತಾರಲ್ಲ, ಹಾಗೆ. ಮಲೆನಾಡಿನಲ್ಲಿ ಇದೇ ಭಾವನೆಗೆ ಭೂಮಿ ಹುಣ್ಣಿಮೆ ಅಂತಾರೆ. ಅಲ್ಲಿ ಭತ್ತ ತೆನೆ ಕಟ್ಟೋ ಕಾಲಕ್ಕೆ ಬರುತ್ತೆ.

ಅಡುಗೆ ಬಗ್ಗೆ ಹೇಳದಿದ್ದರೆ ನಮ್ಮವ್ವ ಬಿಡಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಪುಂಡಿಪಲ್ಯ, ಅಂಬಲಿ. ಎಲ್ಲದಕ್ಕಿಂತ ಮುಖ್ಯ ಭಜ್ಜಿ. ಬೆಂಗಳೂರಿನ ಬಜ್ಜಿ ಅಂದುಕೊಂಡು ನನ್ನ ರೂಮ್‌ಮೇಟ್ ಒಮ್ಮೆ ಟೀ ಕೇಳಿದ್ದ! ಇದು ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ತೊಗರಿಕಾಳು, ಅವರೆಕಾಳು, ಬಟಾಣಿ, ಬದನೆಕಾಯಿ, ಮೆಂತ್ಯ ಸೊಪ್ಪು, ಆ ಹೊತ್ತಿಗೆ ಏನೇನು ಸಿಗುತ್ತೋ ಎಲ್ಲ ಹಾಕಿ, ಹುಣಸೆ ಹುಳಿ, ಕಡಲೆಹಿಟ್ಟು ಸೇರಿಸಿ ಕುದಿಸೋದು. ಇಷ್ಟಕ್ಕೆಲ್ಲ ಹೆಣ್ಣುಮಕ್ಕಳು ರಾತ್ರಿ ಮೂರಕ್ಕೇ ಏಳ್ತಾರೆ. ಸಮೃದ್ಧಿ ಅಂತ ನಾವು ಫೋಟೋ ಹಾಕ್ತೀವಿ, ಅದರಲ್ಲಿ ಒಲೆ ಮುಂದೆ ಕೂತವರು ಬರೋದೇ ಇಲ್ಲ.

ಹೊಲದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರು ಅಂತ ಪೂಜೆ. ಆಮೇಲೆ ಚರಗ. ಮಾಡಿದ ಅಡುಗೆಯಲ್ಲಿ ಎಲ್ಲ ಸ್ವಲ್ಪ ಸ್ವಲ್ಪ ಬುಟ್ಟಿಗೆ ಹಾಕಿ ಕಲಸಿ, ಅಪ್ಪ ಹೊಲದ ಸುತ್ತ ಚೆಲ್ತಾ ಕೂಗ್ತಾರೆ. ಹಿಂದೆ ತಂಬಿಗೆ ಹಿಡಿದು ನೀರು ಹಾಕ್ತಾ ನಾನು ದನಿಗೂಡಿಸಬೇಕು. ಆ ಕೂಗು ಊರಿಂದೂರಿಗೆ ಬದಲಾಗುತ್ತೆ.

ಚರಗಕ್ಕೆ ಹಕ್ಕಿಗಳು ಬರ್ತವೆ, ಕಾಯಿಕೊರಕ ಹುಳ ತಿಂತವೆ, ಇದು ಹಿರಿಯರ ವಿಜ್ಞಾನ ಅಂತ ವಾಟ್ಸ್ಆ್ಯಪ್‌ನಲ್ಲಿ ಪ್ರತಿ ವರ್ಷ ಬರುತ್ತೆ. ಹಕ್ಕಿ ಹುಳ ತಿನ್ನೋದು ನಿಜ. ಅವು ಕೂರೋಕೆ ಹೊಲದಲ್ಲಿ ಕವಲು ಕೋಲು ನೆಡಿ ಅಂತ ಕೃಷಿ ಇಲಾಖೆಯವರೂ ಹೇಳ್ತಾರೆ. ಆದರೆ ಒಂದು ದಿನದ ರೊಟ್ಟಿ ಚೂರಿಗೆ ಅಷ್ಟು ದೊಡ್ಡ ಕೆಲಸ ಹೊರಿಸೋದು ನನಗೆ ಸರಿ ಅನ್ನಿಸಲ್ಲ. ಲಾಭ ತೋರಿಸಿದರೆ ಮಾತ್ರ ಕೊಡೋದಕ್ಕೆ ಬೆಲೆಯಾ?

2022 ನೆನಪಾಗುತ್ತೆ. ಆ ವರ್ಷ ನಮ್ಮ ಕಡೆ ತೊಗರಿಗೆ ನೆಟೆ ರೋಗ. ಮಣ್ಣಲ್ಲಿರೋ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನೀರು ಏರೋ ದಾರಿ ಕಟ್ಟಿಬಿಡುತ್ತೆ, ಕಾಯಿ ಹಿಡಿದ ಗಿಡ ನಿಂತಲ್ಲೇ ಒಣಗುತ್ತೆ. ನಮ್ಮ ಹೊಲದಲ್ಲಿ ಮುಕ್ಕಾಲು ಪಾಲು ಹೋಯ್ತು. ಅಮಾವಾಸ್ಯೆಗೆ ಎರಡು ದಿನ ಮುಂಚೆ ಊರಿಗೆ ಹೋದರೆ ಅವ್ವ ಹಿಂದಿನ ವರ್ಷಕ್ಕಿಂತ ಜಾಸ್ತಿ ರೊಟ್ಟಿ ಬಡೀತಿದ್ದಳು.

"ಯವ್ವಾ, ಬೆಳಿನೇ ಇಲ್ಲ, ಇಷ್ಟ್ಯಾಕ?" ಅಂದೆ.

"ನಮ್ಮದು ಬೆಳಿ ಹೋಗ್ಯಾದ, ಅವರದು ಕೂಲಿ ಹೋಗ್ಯಾದ" ಅಂದಳು.

'ಅವರು' ಅಂದರೆ ಪ್ರತಿ ವರ್ಷ ನಮ್ಮ ತೊಗರಿ ಕೊಯ್ಯೋಕೆ ಬರ್ತಿದ್ದ ಹೆಣ್ಣುಮಕ್ಕಳು. ನನ್ನ ತಲೆಯಲ್ಲಿದ್ದದ್ದು ನಮ್ಮ ಸಾಲ, ನಮ್ಮ ನಷ್ಟ. ಒಣಗಿದ ಗಿಡ ಕೊಯ್ಯೋಕೆ ಯಾರೂ ಕೂಲಿ ಕೊಡಲ್ಲ ಅನ್ನೋದು ಹೊಳೆದಿರಲೇ ಇಲ್ಲ. ಅವತ್ತು ಅವರೂ ಮಕ್ಕಳೂ ಬಂದು ಆ ಒಣ ಹೊಲದ ಬದುವಿನಲ್ಲಿ ಕೂತು ಉಂಡರು. ಮೊದಲು ಸ್ವಲ್ಪ ಮುಜುಗರ ಇತ್ತು, ಎರಡೂ ಕಡೆ. ಒಂದು ಊಟದಿಂದ ತಿಂಗಳ ಕೂಲಿ ವಾಪಸ್ ಬರಲ್ಲ, ಅದು ಅವ್ವನಿಗೂ ಗೊತ್ತಿತ್ತು. ಹೊರಡುವಾಗ ಉಳಿದ ರೊಟ್ಟಿ, ಹೋಳಿಗೆ ಎಲ್ಲ ಕಟ್ಟಿಕೊಟ್ಟಳು. ಅಪ್ಪ ಚರಗವನ್ನ ಸತ್ತ ಸಾಲುಗಳಿಗೂ ಬಿಡದೆ ಚೆಲ್ಲಿದರು.

2025ರ ಸೆಪ್ಟೆಂಬರ್‌ನಲ್ಲಿ ಭೀಮಾ ಉಕ್ಕಿ ಹರಿದಾಗ ನೀರು ನಿಂತ ಹೊಲಗಳು ನಮ್ಮ ಕಡೆ ಬಹಳ. ನಮ್ಮ ತೊಗರಿಯೂ ಅರ್ಧಂಬರ್ಧ. ಮೊನ್ನೆ ಅವ್ವ ಫೋನ್ ಮಾಡಿದ್ದಳು. ಬೆಳೆ ಸುದ್ದಿ ಇರಲಿ, ಮೊದಲು ಕೇಳಿದ್ದು: "ನೀ ಒಬ್ಬನೇ ಬರ್ತೀಯೋ, ನಿನ್ನ ದೋಸ್ತರ್ನ ಕರಕೊಂಡು ಬರ್ತೀಯೋ? ಹಿಟ್ಟು ಬೀಸಿಸಬೇಕು, ಲೆಕ್ಕ ಹೇಳು."

ನಾಲ್ಕು ಜನ ಅಂದಿದೀನಿ. ರೂಮ್‌ಮೇಟ್ ಕೂಡ ಬರ್ತಿದಾನೆ, ಈ ಸಲ ಟೀ ಕೇಳಲ್ಲ ಅಂತ ಮಾತು ಕೊಟ್ಟಿದಾನೆ.