ಊಂ ಅನ್ನೋ ಗೇರ್ ಬಾಕ್ಸು: ಮನ್ಯಾಗ ಬಿಚ್ಚಬಹುದೇನ್ರೀ?

ತಿಕೋಟಾ, ಬಬಲೇಶ್ವರ ಕಡೆಯಿಂದ ಬೆಳಗಿನ ಬಸ್ಸಿಗೆ ವಿಜಯಪುರಕ್ಕೆ ಬರುವ ಮಂದಿಗೆ ಗೇರ್ ಬಾಕ್ಸಿನ ರಾಗ ಹೊಸದೇನಲ್ಲ. ಡ್ರೈವರನ ಹಿಂದಿನ ಸೀಟಿನಲ್ಲಿ ಕೂತರೆ ಸಾಕು, ಎರಡನೇ ಗೇರಿಗೆ ಒಂದು ಸ್ವರ, ಮೂರನೇ ಗೇರಿಗೆ ಇನ್ನೊಂದು. ಬಸ್ಸಿನದಾದರೆ ಡಿಪೋದವರು ನೋಡಿಕೊಳ್ಳುತ್ತಾರೆ. ಸ್ವಂತ ಗಾಡಿ ಹಾಡಲು ಹತ್ತಿದರೆ ಯಾರು ನೋಡಬೇಕು?

ತಿಕೋಟಾದ ನಮ್ಮ ಕಿರಾಣಿ ಸ್ನೇಹಿತರದು ಒಂದು ಹಳೇ ಓಮ್ನಿ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದ ಈ ಗಾಡಿ 2019ರಲ್ಲಿ ತಯಾರಾಗುವುದು ನಿಂತಿತು. ಆದರೂ ನಮ್ಮ ಕಡೆ ಅಂಗಡಿಕಾರರ ಕೈಯಲ್ಲಿ ಇನ್ನೂ ಓಡುತ್ತಿದೆ. ಊರಿಗೆ 2014ರಲ್ಲಿ ವಿಜಯಪುರವೆಂಬ ಹೆಸರು ಬಂತು, 2018ರಲ್ಲಿ ತಿಕೋಟಾ, ಬಬಲೇಶ್ವರ ಎರಡೂ ತಾಲೂಕಾದವು, ಗಾಡಿಯ ಕೆಎ 28 ಮಾತ್ರ ಹಾಗೇ ಇದೆ. ಸಕ್ಕರೆ, ಎಣ್ಣೆ ಡಬ್ಬಿ ತರುವುದು ಅದೇ, ಒಣದ್ರಾಕ್ಷಿ ಸುಗ್ಗಿಯಲ್ಲಿ ಅಣ್ಣನ ಪೆಟ್ಟಿಗೆ ಹೊರುವುದು ಅದೇ, ಭಾನುವಾರ ಹೆಂಡತಿ ಮಕ್ಕಳನ್ನು ಬೀಗರ ಊರಿಗೆ ಒಯ್ಯುವುದೂ ಅದೇ.

ಅದು ಊಂ ಅನ್ನಲು ಶುರು ಮಾಡಿ ಮೂರು ತಿಂಗಳಾಗಿತ್ತು. ಸ್ನೇಹಿತರು ರೇಡಿಯೋ ದನಿ ಏರಿಸಿದರು. ಊಂ ಹೋಗಿ ಗರಗರ ಬಂತು. ನಗರದ ಒಂದು ಗ್ಯಾರೇಜಿನಲ್ಲಿ ಕೇಳಿದರೆ, ಬಾಕ್ಸು ಪೂರಾ ಬದಲಿಸಬೇಕು, ಗಾಡಿ ಎಂಟು ದಿನ ಬಿಡಬೇಕು ಎಂದರು. ಎಂಟು ದಿನ ಗಾಡಿ ಇಲ್ಲದಿದ್ದರೆ ಅಂಗಡಿ ಖಾಲಿ. ಹೇಳಿದ ರೊಕ್ಕ ಕೇಳಿ ಇವರ ಮುಖವೂ ಖಾಲಿ.

ಓಣಿಯಲ್ಲಿ ಒಬ್ಬ ಮುದುಕ ಮಿಸ್ತ್ರಿ ಇದ್ದಾರೆ, ಅಂಬಾಸಿಡರ್ ಕಾಲದವರು. ಅವರು ಗಾಡಿಯ ಅಡಿಗೆ ನುಸುಳುವ ಮೊದಲು ಕಿವಿಯನ್ನೇ ಮುಂದೆ ಮಾಡಿದರು. "ತಮ್ಮಾ, ನ್ಯೂಟ್ರಲ್ ಇಟ್ಟು ಚಾಲೂ ಮಾಡು. ಈಗ ಕ್ಲಚ್ ಒತ್ತು."

ಒತ್ತಿದ ಕೂಡಲೇ ಸದ್ದು ಮಾಯ. ಬಿಟ್ಟರೆ ಮತ್ತೆ ಹಾಜರು.

"ಇದು ಬಾಕ್ಸಿನ ಒಳಗಿಂದು," ಅಂದರು ಕಾಕಾ. ಕ್ಲಚ್ ಒತ್ತಿದಾಗ ಇಂಜಿನ್ನಿಗೂ ಗೇರ್ ಬಾಕ್ಸಿಗೂ ಸಂಬಂಧ ಕಡಿಯುತ್ತದೆ, ಒಳಗಿನ ಶಾಫ್ಟು ತಿರುಗುವುದು ನಿಲ್ಲುತ್ತದೆ. ಆಗ ಸದ್ದೂ ನಿಂತರೆ ಮುಂದಿನ ಶಾಫ್ಟಿನ ಅಥವಾ ಅದರ ಜೋಡಿ ತಿರುಗುವ ಕೆಳಗಿನ ಶಾಫ್ಟಿನ ಬೇರಿಂಗ್ ಸವೆದಿದೆ ಎಂದು ಲೆಕ್ಕ. ತದ್ವಿರುದ್ಧ, ಒತ್ತಿದಾಗಲೇ ಕಿರಗುಟ್ಟಿದರೆ ತಪ್ಪು ಕ್ಲಚ್ ಬೇರಿಂಗಿನದು, ಬಾಕ್ಸಿನದಲ್ಲ. ಇನ್ನು ಗಾಡಿ ಓಡುವಾಗ ನ್ಯೂಟ್ರಲ್ ಮಾಡಿದರೂ ಊಂ ನಿಲ್ಲದೆ, ತಿರುವಿನಲ್ಲಿ ಹೆಚ್ಚು ಕಡಿಮೆ ಆದರೆ ಗಾಲಿಯ ಬೇರಿಂಗ್ ನೋಡಿರಿ. ಗೋಳಗುಮ್ಮಟದಲ್ಲಿ ಒಬ್ಬ ಪಿಸುಗುಟ್ಟಿದರೆ ಸುತ್ತಲೂ ಕೇಳಿಸುವ ಹಾಗೆ ತಗಡಿನ ಗಾಡಿಯಲ್ಲಿ ಒಂದು ಸದ್ದು ಹತ್ತು ಕಡೆಯಿಂದ ಬಂದಂತೆ ಅನ್ನಿಸುತ್ತದೆ. ಆದ್ದರಿಂದ ಈ ಪರೀಕ್ಷೆ ಮಾಡದೆ ಪಾನಾ ಮುಟ್ಟಬಾರದು.

"ಹಿಂಗ ಓಡಿಸಿದ್ರ ಏನಾಗ್ತದ ಕಾಕಾ?"

"ಗುಂಡು ಹಿಡಿಯೋ ಪಂಜರ ಒಡೀತದ. ಶಾಫ್ಟು ವಾರಿ ಆಗ್ತದ. ಹಲ್ಲಿಗೆ ಹಲ್ಲು ಸಿಕ್ಕು ಬಾಕ್ಸು ಜಾಮ್ ಆತಂದ್ರ ಓಡೋ ಗಾಡಿಯ ಹಿಂದಿನ ಗಾಲಿ ನಿಂತಬಿಡ್ತಾವ. ಒಳಗ ಮಕ್ಕಳು ಇರ್ತಾವೇನು?"

ಸ್ನೇಹಿತರು ಮಾತಾಡಲಿಲ್ಲ. ಆ ಶನಿವಾರ ಮಧ್ಯಾಹ್ನ ಗಾಡಿ ಮನೆಯ ಹಿಂದಿನ ಬೇವಿನ ಮರದ ನೆರಳಿಗೆ ಬಂತು.

ಮೊದಲ ಜಗಳ ಜಾಕಿನ ಮೇಲೆ. ಇವರು ಗಾಡಿಯ ಜಾಕು ಹಚ್ಚಿ, ಎರಡು ಇಟ್ಟಂಗಿ ಒಟ್ಟಿ, ಅಡಿಗೆ ತಲೆ ಹಾಕಲು ಹೊರಟಿದ್ದರು. ಕಾಕಾ ಕಾಲು ಹಿಡಿದು ಹೊರಗೆಳೆದರು. ಇಟ್ಟಂಗಿ ಭಾರಕ್ಕೆ ಹೇಳದೆ ಕೇಳದೆ ಪುಡಿಯಾಗುತ್ತದೆ, ಜಾಕು ಮಣ್ಣಿನಲ್ಲಿ ವಾಲುತ್ತದೆ. ಪಕ್ಕದ ಟ್ರ್ಯಾಕ್ಟರಿನವರಿಂದ ನಾಲ್ಕು ಕಬ್ಬಿಣದ ಸ್ಟ್ಯಾಂಡು ತಂದು, ಕೆಳಗೆ ಹಲಗೆ ಹಾಕಿ, ಗಾಲಿಗೆ ಕಲ್ಲು ಕೊಟ್ಟು, ಗಾಡಿಯನ್ನು ಕೈಯಿಂದ ಅಲುಗಿಸಿ ನೋಡಿದ ಮೇಲೆಯೇ ಅನುಮತಿ ಸಿಕ್ಕಿತು. ಸ್ಟ್ಯಾಂಡ್ ಸಿಗದವರು ಈ ಕೆಲಸ ಮನೆಯಲ್ಲಿ ಮಾಡಬಾರದು. ನಾನು ಖಂಡಿತವಾಗಿ ಹೇಳುತ್ತೇನೆ.

ಬಿಚ್ಚುವ ಕೆಲಸ ನೋಡಲು ದೊಡ್ಡದು, ಅಷ್ಟೇ. ಬ್ಯಾಟರಿ ವಾಯರು ತೆಗೆದರು. ಎಣ್ಣೆ ಇಳಿಸಿದರು. ಇಳಿಯುವ ಎಣ್ಣೆಯನ್ನು ಬಿಳಿ ತಾಟಿನಲ್ಲಿ ಹಿಡಿದು ನೋಡಬೇಕು. ನುಣುಪಾದ ಬೂದಿಯಂಥ ಪುಡಿ ಇದ್ದರೆ ವಯಸ್ಸಿನ ಸವಕಳಿ, ಉಗುರಿಗೆ ಚುಚ್ಚುವ ಚೂರು ಇದ್ದರೆ ಒಳಗೆ ಏನೋ ಮುರಿದಿದೆ. ಇವರಿಗೆ ಪುಡಿಯ ಜೊತೆ ತೆಳ್ಳನೆಯ ಸಿಪ್ಪೆ ಸಿಕ್ಕಿತು, ಬೇರಿಂಗಿನ ಹಾದಿ ಎದ್ದು ಬಂದದ್ದು. ಎಣ್ಣೆಯೂ ಅರ್ಧವೇ ಇತ್ತು. ಸೀಲಿನಿಂದ ವರ್ಷಗಟ್ಟಲೆ ಸೋರಿದ್ದನ್ನು ಯಾರೂ ಗಮನಿಸಿರಲಿಲ್ಲ. ಎತ್ತಿನ ಬಂಡಿಗೆ ಕೀಲೆಣ್ಣೆ ಹಾಕದೆ ಹೊರಡದ ನಮ್ಮ ಮಂದಿ, ಪೆಟ್ರೋಲ್ ಗಾಡಿಗೆ ಮಾತ್ರ ಎಲ್ಲ ಎಣ್ಣೆಯೂ ಬಂಕಿನಲ್ಲೇ ತುಂಬುತ್ತದೆ ಎಂದು ತಿಳಿದಿದ್ದಾರೆ!

ಹಿಂದಿನ ಉದ್ದ ಶಾಫ್ಟು ಕಳಚುವ ಮೊದಲು ಎರಡೂ ಕಡೆ ಬಣ್ಣದ ಗುರುತು ಹಾಕಿದರು, ಇದ್ದ ಹಾಗೇ ಕೂಡದಿದ್ದರೆ ಗಾಡಿ ನಡುಗಬಹುದು. ಕ್ಲಚ್ ಕೇಬಲ್ಲು, ಸ್ಪೀಡು ಮೀಟರಿನ ಕೇಬಲ್ಲು, ಸ್ಟಾರ್ಟರು, ಗೇರ್ ರಾಡು ಒಂದೊಂದಾಗಿ ಬಂದವು. ಇಂಜಿನ್ನಿನ ಹಿಂಬದಿಗೆ ಕಟ್ಟಿಗೆ ತುಂಡಿನ ಆಸರೆ ಕೊಟ್ಟು ಬಾಕ್ಸನ್ನು ನೇರವಾಗಿ ಹಿಂದಕ್ಕೆ ಎಳೆದರು. ಅರ್ಧ ಬಂದಾಗ ಕೈಬಿಟ್ಟು ಜೋತಾಡಿಸಿದರೆ ಕ್ಲಚ್ ಪ್ಲೇಟಿನ ನಡು ಬಾಗುತ್ತದೆ. ಆಗ ಒಂದು ಖರ್ಚು ಎರಡಾಯಿತು.

ಬಾಕ್ಸು ತೆರೆಯುವುದು ಬೇರೆಯೇ ಮಾತು. ಅಂಗಳದ ಧೂಳಿನಲ್ಲಿ ಅಲ್ಲ, ಪಡಸಾಲೆಯಲ್ಲಿ ಹಾಸಿದ ಬಿಳಿ ಧೋತರದ ಮೇಲೆ. ಹೊರಮೈಯನ್ನು ಚಿಮಣಿ ಎಣ್ಣೆಯಿಂದ ತೊಳೆದು ಆಮೇಲೆ ಬೋಲ್ಟು. ಗೇರನ್ನು ತನ್ನ ಜಾಗದಲ್ಲಿ ಹಿಡಿಯುವ ಸಣ್ಣ ಗುಂಡು, ಸ್ಪ್ರಿಂಗು ಇರುತ್ತವೆ, ಅವು ಹಾರಿ ಅಕ್ಕಿ ಚೀಲದ ಸಂದಿಗೆ ಹೋದರೆ ರಾತ್ರಿಯೆಲ್ಲ ಹುಡುಕಬೇಕು. ಪ್ರತಿ ಗೇರಿನ ಹಿತ್ತಾಳೆ ಬಳೆ ಅದೇ ಗೇರಿಗೆ ಕೂಡಬೇಕು, ಅದಲು ಬದಲು ಕೂಡದು. ಹತ್ತನೇ ತರಗತಿಯ ಮಗಳು ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ಹೊಡೆದಳು. "ನಮ್ಮ ಕಾಲಕ್ಕ ಇದು ಇರಲಿಲ್ಲವ್ವಾ, ತೆಲ್ಯಾಗ ಇಟ್ಕೋತಿದ್ವಿ," ಅಂದರು ಕಾಕಾ, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ.

ಶಾಫ್ಟಿಗೆ ಬಿಗಿದು ಕೂತ ಹಳೇ ಬೇರಿಂಗ್ ಅವರ ಪುಲ್ಲರಿಗೆ ಜಗ್ಗಲಿಲ್ಲ. ಬಡಿಯೋಣ ಎಂದರೆ ಕಾಕಾ ಒಪ್ಪಲಿಲ್ಲ. ಸೋಮವಾರ ಬೆಳಿಗ್ಗೆ ನಮ್ಮ ಸ್ನೇಹಿತರು ಶಾಫ್ಟನ್ನು ಟಾವೆಲಿನಲ್ಲಿ ಕೂಸಿನಂತೆ ಸುತ್ತಿಕೊಂಡು ಬಸ್ಸು ಹತ್ತಿದರು. ಕಂಡಕ್ಟರು "ಏನ್ರೀ ಅದು?" ಅಂದ. "ಗಾಡಿ ಕರುಳ್ರೀ," ಅಂದರಂತೆ. ವಿಜಯಪುರದ ಲೇತ್ ಅಂಗಡಿಯ ಪ್ರೆಸ್ಸಿನಲ್ಲಿ ಐದು ನಿಮಿಷದ ಕೆಲಸ.

ಇನ್ನು ಕೊಳ್ಳುವ ಮಾತು. ಬೇರಿಂಗ್ ಕೊಳ್ಳುವಾಗ ಗಾಡಿಯ ಹೆಸರಿಗಿಂತ ಉಂಗುರದ ಮೇಲಿನ ನಂಬರು ಮುಖ್ಯ. ಉದಾಹರಣೆಗೆ 6205 ಎಂದಿದ್ದರೆ ಕೊನೆಯ ಎರಡಂಕಿ 05ನ್ನು ಐದರಿಂದ ಗುಣಿಸಿರಿ, ಒಳಗಿನ ತೂತು 25 ಮಿಲಿಮೀಟರು. 6305 ಆದರೂ ತೂತು ಅಷ್ಟೇ, ಆದರೆ ಹೊರಮೈ 52 ಅಲ್ಲ, 62 ಮಿಲಿಮೀಟರು. ಭಾರ ಹೊರುವುದು ಹೆಚ್ಚು. ನಂಬರಿನ ಮುಂದೆ ಸಿ3 ಎಂದಿದ್ದರೆ ಗುಂಡಿನ ಆಟ ತುಸು ಸಡಿಲ, ಬಿಸಿಗೆ ಹಿಗ್ಗಲು ಜಾಗ. ಹಳೆಯದರಲ್ಲಿ ಸಿ3 ಇದ್ದರೆ ಹೊಸದರಲ್ಲೂ ಇರಬೇಕು. ಕೆಲವಕ್ಕೆ ಹೊರಮೈಯಲ್ಲಿ ಲಾಕಿನ ಗಾಡಿ ಇರುತ್ತದೆ. ಹಳೇ ಬೇರಿಂಗನ್ನು ಕಿಸೆಯಲ್ಲಿ ಒಯ್ಯುವುದೇ ಜಾಣತನ. ಒಂದು ಅಂಗಡಿಯಲ್ಲಿ "ಸೈಜ್ ಅದೇ ಐತಿ, ಅರ್ಧ ರೇಟು" ಎಂದು ಅಕ್ಷರ ಮಸುಕಾದ ಮಾಲು ಮುಂದಿಟ್ಟರು. ನಕಲಿ ಬೇರಿಂಗಿನ ವ್ಯಾಪಾರ ದೇಶದ ತುಂಬ ಇದೆ. ಇವರು ತಾವೂ ಅಂಗಡಿಕಾರರಾದ್ದರಿಂದ ಅರ್ಧ ರೇಟಿನ ಅರ್ಥ ಗೊತ್ತಿತ್ತು, ಬಿಲ್ಲು ಕೊಡುವವರ ಬಳಿ ಹೋದರು. ಸೀಲುಗಳನ್ನೂ ಹೊಸದಾಗಿಯೇ ತಂದರು.

ಕೂಡಿಸುವಾಗಿನ ಒಂದು ನಿಯಮ ಹೇಳಬೇಕು. ಶಾಫ್ಟಿಗೆ ಹಾಕುವಾಗ ಒಳ ಉಂಗುರಕ್ಕೇ ಒತ್ತಡ ಕೊಡಬೇಕು, ಮನೆಗೆ, ಅಂದರೆ ಬಾಕ್ಸಿನ ಗುಳಿಗೆ, ಕೂಡಿಸುವಾಗ ಹೊರ ಉಂಗುರಕ್ಕೆ. ತಪ್ಪಿದರೆ ಪೆಟ್ಟು ಗುಂಡಿನ ಮೂಲಕ ಹಾಯ್ದು ಹಾದಿಯಲ್ಲಿ ಸಣ್ಣ ತಗ್ಗು ಬೀಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ನಾನು ಹಿಂದೊಮ್ಮೆ ಸ್ಕೂಟರಿನ ಗಾಲಿಗೆ ಸುತ್ತಿಗೆಯಿಂದ ಬಡಿದು ಹೊಸ ಬೇರಿಂಗ್ ಕೂಡಿಸಿದ್ದೆ. ತಿಂಗಳೊಳಗೆ ಹಳೆಯದಕ್ಕಿಂತ ಚೆನ್ನಾಗಿ ಹಾಡಿತು.

ಕಾಕಾ ಬಡಿಯಲಿಲ್ಲ, ಕಾಯಿಸಿದರು. ಬೇರಿಂಗನ್ನು ತಂತಿಗೆ ಕಟ್ಟಿ, ತಳ ಮುಟ್ಟದಂತೆ ಎಣ್ಣೆಯಲ್ಲಿ ಇಳಿಬಿಟ್ಟು, ನೂರು ಡಿಗ್ರಿಯ ಆಸುಪಾಸು. ಅದಕ್ಕಿಂತ ಬಹಳ ಏರಿದರೆ ಉಕ್ಕಿನ ಹದ ಕೆಡುತ್ತದೆ, ನೇರ ಬೆಂಕಿಗೆ ಹಿಡಿಯುವುದಂತೂ ಬೇಡವೇ ಬೇಡ. ಹಿಗ್ಗಿದ ಬೇರಿಂಗ್ ಶಾಫ್ಟಿನ ಮೇಲೆ ಬಳೆಯಂತೆ ಜಾರಿ ಕೂತಿತು. ಇದಕ್ಕೆ ಬಳಸಿದ್ದು ಮಿರ್ಚಿ ಭಜಿ ಕರಿಯುವ ಬಾಣಲೆ ಎಂದು ಮನೆಯವರಿಗೆ ಗೊತ್ತಾದದ್ದು ಸಂಜೆ. ಆ ಪ್ರಸಂಗ ಇಲ್ಲಿ ಬರೆಯುವುದಿಲ್ಲ.

ಬುಧವಾರ ಬಾಕ್ಸು ಏರಿತು. ಎಣ್ಣೆ ಜಿಎಲ್-4 ದರ್ಜೆಯದು, ಪಕ್ಕದ ಬೂಚಿನ ಅಂಚಿಗೆ ಬರುವ ತನಕ. ಕೆಲವು ಜಿಎಲ್-5 ಎಣ್ಣೆ ಹಿತ್ತಾಳೆ ಬಳೆಗೆ ಒಗ್ಗುವುದಿಲ್ಲ, ಆದ್ದರಿಂದ ನಂಬರು ದೊಡ್ಡದೆಂದು ಒಳ್ಳೆಯದೆನ್ನಬಾರದು. ನಾಲ್ಕು ದಿನ, ಎರಡು ಬೇರಿಂಗು, ಮೂರು ಸೀಲು, ಪ್ರೆಸ್ಸಿನ ಮಜೂರಿ, ಎಣ್ಣೆ, ಒಂದು ಹೊಸ ಬಾಣಲೆ. ಗ್ಯಾರೇಜು ಹೇಳಿದ್ದರ ಕಾಲು ಭಾಗವೂ ಆಗಲಿಲ್ಲ. ಕಾಕಾ ರೊಕ್ಕ ಮುಟ್ಟಲಿಲ್ಲ, ಎರಡು ಕಿಲೋ ಒಣದ್ರಾಕ್ಷಿ ಮಾತ್ರ ಬಿಡಲಿಲ್ಲ.

ಗುರುವಾರ ನಾನೂ ಜೊತೆಗಿದ್ದೆ. ಅಥಣಿ ರಸ್ತೆಯಲ್ಲಿ ವಿಜಯಪುರದ ಕಡೆ ಬರುವಾಗ ಎರಡನೇ ಗೇರು, ಮೂರನೇ ಗೇರು, ಎಲ್ಲ ಮೌನ. ಸ್ನೇಹಿತರು ರೇಡಿಯೋ ಬಂದ್ ಮಾಡಿ ಕಿವಿಗೊಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿದರು.

"ಸಾಹೇಬ್ರ, ಹಿಂದಿನ ಎಡಗಾಲಿ ಊಂ ಅಂದಂಗ ಆತಲ್ರೀ?"