ಮೀನಿನ ತೊಟ್ಟಿಗೆ ಅತಿ ಮಡಿ ಬೇಡ!

ಮನೆ ಕನ್ನಡಿಯ ಹಾಗೆ ಹೊಳೆಯಬೇಕೆಂಬ ಆಸೆ ಯಾವ ಗೃಹಿಣಿಗಿಲ್ಲ ಹೇಳಿ? ಹಬ್ಬ ಬಂತೆಂದರೆ ಅಟ್ಟದ ಪಾತ್ರೆಯಿಂದ ಹಿಡಿದು ದೇವರ ಮನೆಯ ದೀಪದವರೆಗೆ ಎಲ್ಲವನ್ನೂ ತಿಕ್ಕಿ ತೊಳೆದರೇನೇ ನಮಗೆ ಸಮಾಧಾನ. ಹಾಗೆಯೇ ಒಂದು ಯುಗಾದಿಯ ಮುಂಚೆ ನಾನು ಹಜಾರದಲ್ಲಿದ್ದ ಮೀನಿನ ತೊಟ್ಟಿಗೂ ಕೈ ಹಾಕಿದೆ. ಹಳೆಯ ನೀರನ್ನೆಲ್ಲ ಚೆಲ್ಲಿ, ಹಿಂದಿನ ದಿನವೇ ಹಿಡಿದಿಟ್ಟಿದ್ದ ನೀರು ತುಂಬಿದೆ. ಫಿಲ್ಟರ್ ಬಿಚ್ಚಿ ನೋಡಿದರೆ ಸ್ಪಂಜು ಕಂದು ಬಣ್ಣಕ್ಕೆ ತಿರುಗಿ ಲೋಳೆಲೋಳೆಯಾಗಿತ್ತು. "ಅಯ್ಯೋ, ಈ ಕೊಳಕಿನಲ್ಲಿ ಪಾಪ ಮೀನುಗಳು ಹೇಗಿದ್ದವೋ!" ಎಂದುಕೊಂಡು ಅದನ್ನು ನಲ್ಲಿಯ ಕೆಳಗೆ ಹಿಡಿದು ಹಿಂಡಿ ಹಿಂಡಿ ತೊಳೆದೆ. ಒಳಗಿನ ಸೆರಾಮಿಕ್ ಉಂಗುರಗಳನ್ನು ಬಿಸಿಲಿಗೆ ಹಾಕಿ ಒಣಗಿಸಿದೆ.

ಮೂರನೆಯ ದಿನ ಮೂರು ಗೋಲ್ಡ್ ಫಿಷ್‌ಗಳೂ ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಐದನೆಯ ದಿನ ಬೆಳಿಗ್ಗೆ ಒಂದು ತೇಲುತ್ತಿತ್ತು. "ಅಮ್ಮಾ, ನೀನು ಅಷ್ಟು ಚೆನ್ನಾಗಿ ತೊಳೆದಿದ್ಯಲ್ಲಾ, ಮತ್ತೆ ಯಾಕೆ ಸತ್ತೋಯ್ತು?" ಎಂದು ಎಂಟು ವರ್ಷದ ಮಗ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಬಲ್ಲವರನ್ನು ಕೇಳಿದ ಮೇಲೆ ತಿಳಿಯಿತು: ಮೀನು ಸತ್ತದ್ದು ಕೊಳಕಿನಿಂದಲ್ಲ, ನನ್ನ ಮಡಿಯಿಂದ!

ಅದು ಕೊಳೆಯಲ್ಲ, ಹೆಪ್ಪು

ಮೊಸರಿನ ಪಾತ್ರೆಯನ್ನು ಬಳಿದು ತೊಳೆದು, ಹೆಪ್ಪಿಗೆಂದು ಒಂದು ಚಮಚವನ್ನೂ ಉಳಿಸದಿದ್ದರೆ ನಾಳೆ ಮೊಸರಾದೀತೇ? ಫಿಲ್ಟರಿನ ಕಥೆಯೂ ಇಷ್ಟೇ. ಮೀನಿನ ಉಸಿರು, ಹಿಕ್ಕೆ, ತಿಂದು ಬಿಟ್ಟ ಆಹಾರ ಇವುಗಳಿಂದ ಅಮೋನಿಯಾ ಎಂಬ ವಿಷ ನೀರಿಗೆ ಸೇರುತ್ತಲೇ ಇರುತ್ತದೆ. ಸ್ಪಂಜಿನಲ್ಲೂ ಉಂಗುರಗಳ ಸಣ್ಣ ಸಣ್ಣ ತೂತುಗಳಲ್ಲೂ ಮನೆ ಮಾಡಿಕೊಂಡಿರುವ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೈಟೂ ವಿಷವೇ. ನೈಟ್ರೇಟ್ ಮಾತ್ರ ಮಿತಿಯಲ್ಲಿದ್ದರೆ ಅಷ್ಟು ಬಾಧಕವಲ್ಲ.

ನಲ್ಲಿ ನೀರಿಗೆ ಕ್ಲೋರಿನ್ ಹಾಕುವುದೇ ಸೂಕ್ಷ್ಮಜೀವಿಗಳನ್ನು ಕೊಲ್ಲುವುದಕ್ಕೆ. ಒಳ್ಳೆಯದು, ಕೆಟ್ಟದ್ದು ಎಂಬ ಭೇದ ಅದಕ್ಕೆ ಗೊತ್ತಿಲ್ಲ. ಉಳಿದವನ್ನು ಬಿಸಿಲು ಮುಗಿಸುತ್ತದೆ. ಈ ಹೆಪ್ಪು ಹೊಸದಾಗಿ ಬೆಳೆಯಲು ಸುಮಾರು 4ರಿಂದ 6 ವಾರ ಬೇಕು. ಅಲ್ಲಿಯ ತನಕ ಮೀನುಗಳ ಗತಿ?

ಹೀಗೆ ತೊಳೆಯಿರಿ

ಮೊದಲು ಪಂಪಿನ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ನೀರಿಗೆ ಕೈ ಹಾಕಿ. ತೊಟ್ಟಿಯ ಕಾಲು ಭಾಗದಷ್ಟು ನೀರನ್ನು ಬಕೆಟ್ಟಿಗೆ ತೆಗೆದುಕೊಳ್ಳಿ. ಸ್ಪಂಜನ್ನು ಆ ನೀರಿನಲ್ಲೇ ಅದ್ದಿ, ಎರಡು ಮೂರು ಸಲ ಮೆಲ್ಲಗೆ ಹಿಂಡಿ. ನೀರು ಸರಾಗವಾಗಿ ಹಾಯುವಂತಾದರೆ ಸಾಕು. ಅದು ಹೊಸದರ ಹಾಗೆ ಕಾಣಬೇಕಾಗಿಲ್ಲ. ಉಂಗುರಗಳನ್ನು ಅದೇ ನೀರಿನಲ್ಲಿ ಒಮ್ಮೆ ಆಡಿಸಿ ತೆಗೆಯಿರಿ. ಸೋಪು, ಸೋಪಿನ ಪುಡಿ, ಬಿಸಿನೀರು ಮಾತ್ರ ಖಂಡಿತ ಬೇಡ. ತೊಟ್ಟಿಯ ನೀರಿಗೆ ಉಪ್ಪು, ಔಷಧಿ ಹಾಕಿರದಿದ್ದರೆ ಬಕೆಟ್ಟಿನ ಕೊಳೆನೀರನ್ನು ಮಲ್ಲಿಗೆ ಬಳ್ಳಿಗೆ ಹೊಯ್ಯಿರಿ, ಒಳ್ಳೆಯ ಗೊಬ್ಬರ!

ಜೋಡಿಸುವ ಕ್ರಮ

ಹಿಟ್ಟು ಜರಡಿ ಹಿಡಿಯುವ ನಮಗೆ ಇದನ್ನು ಹೇಳಿಕೊಡಬೇಕೇ? ನೀರು ಯಾವ ಕಡೆಯಿಂದ ಒಳಬರುತ್ತದೋ ಅಲ್ಲಿ ಮೊದಲು ದೊಡ್ಡ ತೂತಿನ ಸ್ಪಂಜು. ಅದರ ನಂತರ ಸಣ್ಣ ಕಸ ಹಿಡಿಯುವ ಬಿಳಿಯ ಫಿಲ್ಟರ್ ಹತ್ತಿ. ಆಮೇಲೆ ಉಂಗುರಗಳು. ಕೊನೆಯಲ್ಲಿ, ಬೇಕಿದ್ದರೆ, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಇದ್ದಿಲು. ಕಸವೆಲ್ಲ ಮೊದಲೇ ನಿಂತರೆ ಉಂಗುರಗಳ ತೂತು ಮುಚ್ಚಿಕೊಳ್ಳುವುದಿಲ್ಲ. ತೊಟ್ಟಿಯ ಮೇಲೆ ಕೂರುವ ಟ್ರೇ ಫಿಲ್ಟರಿನಲ್ಲಿ ನೀರು ಮೇಲಿನಿಂದ ಬೀಳುವುದರಿಂದ ಸ್ಪಂಜು ಮೇಲೆ. ಹೊರಗಿಡುವ ಡಬ್ಬಿಯ ಫಿಲ್ಟರುಗಳಲ್ಲಿ ಸಾಮಾನ್ಯವಾಗಿ ನೀರು ಕೆಳಗಿನಿಂದ ಏರುತ್ತದೆ, ಆಗ ಸ್ಪಂಜು ಕೆಳಗೆ.

ಯಾವುದನ್ನು ಎಸೆಯಬೇಕು?

ಉಂಗುರಗಳು ಒಡೆದು ಪುಡಿಯಾಗದಿದ್ದರೆ ವರ್ಷಗಟ್ಟಲೆ ಬರುತ್ತವೆ. ಸ್ಪಂಜೂ ಅಷ್ಟೇ, ಹಿಂಡಿದ ಮೇಲೆ ಉಬ್ಬದೆ ಚಪ್ಪಟೆಯಾಗಿಯೇ ಉಳಿದರೆ ಆಗ ಬದಲಿಸಿ. ಬಿಳಿ ಹತ್ತಿ ಬೇಗ ಕಟ್ಟಿಕೊಳ್ಳುವುದರಿಂದ ಅದನ್ನು ಆಗಾಗ ಬದಲಿಸಲೇಬೇಕು. ಇದ್ದಿಲಿನ ಹೀರುವ ಶಕ್ತಿ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಅದನ್ನು ಒಲೆಯ ಮೇಲೆ ಹುರಿದರೆ ಮತ್ತೆ ಬರುವುದಿಲ್ಲ. ಮುಖ್ಯವಾದ ಮಾತೆಂದರೆ, ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ. ಹೊಸ ಸ್ಪಂಜನ್ನು ಹಳೆಯದರ ಜೊತೆಗೆ ಒಂದು ತಿಂಗಳಾದರೂ ಇಟ್ಟು, ಹೆಪ್ಪು ಹಿಡಿದ ಮೇಲೆ ಹಳೆಯದನ್ನು ತೆಗೆಯಿರಿ.

ಕರೆಂಟ್ ಗಂಟೆಗಟ್ಟಲೆ ಹೋದಾಗಲೂ ಎಚ್ಚರ. ಮುಚ್ಚಿದ ಡಬ್ಬಿಯಲ್ಲಿ ನಿಂತ ನೀರು ಕೆಡುತ್ತದೆ. ಕರೆಂಟ್ ಬಂದ ಕೂಡಲೇ ಪಂಪು ಹಾಕದೆ, ಆ ನೀರನ್ನು ಚೆಲ್ಲಿ, ಸ್ಪಂಜು, ಉಂಗುರಗಳನ್ನು ತೊಟ್ಟಿಯ ನೀರಿನಲ್ಲಿ ಜಾಲಿಸಿದ ನಂತರವೇ ಹಾಕಿ.

ನನ್ನ ಹಾಗೆ ನೀವೂ ಆಗಲೇ ತೊಳೆದುಬಿಟ್ಟಿದ್ದೀರಾ? ಗಾಬರಿ ಬೇಡ. ಎರಡು ದಿನ ಆಹಾರ ನಿಲ್ಲಿಸಿ, ಆಮೇಲೆ ಚಿಟಿಕೆಯಷ್ಟೇ ಹಾಕಿ. ಕ್ಲೋರಿನ್ ಕಳೆದ ನೀರಿನಿಂದ ದಿನಾ ಕಾಲು ಭಾಗ ನೀರು ಬದಲಿಸುತ್ತಾ ಬನ್ನಿ. ಗಾಳಿಯ ಪಂಪು ಸದಾ ಓಡುತ್ತಿರಲಿ. ನೆಂಟರಿಷ್ಟರ ಮನೆಯಲ್ಲಿ ಆರೋಗ್ಯವಾದ ತೊಟ್ಟಿಯಿದ್ದರೆ ಅವರ ಹಳೆಯ ಸ್ಪಂಜಿನ ಒಂದು ತುಂಡನ್ನು ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ಪಕ್ಕದ ಮನೆಯಿಂದ ಹೆಪ್ಪು ತಂದ ಹಾಗೆ!

ನಮ್ಮ ಉಳಿದ ಎರಡು ಮೀನುಗಳು ಹೀಗೆಯೇ ಬದುಕಿಕೊಂಡವು. ಈಗ ಸ್ಪಂಜು ಹಿಂಡುವ ದಿನ ಬಕೆಟ್ ಹಿಡಿದು ನಿಲ್ಲುವವನು ನನ್ನ ಮಗ. ನಾನು ಒಂದು ಸಲ ಹೆಚ್ಚಿಗೆ ಹಿಂಡಿದರೆ ಸಾಕು, "ಅಮ್ಮಾ, ಹೆಪ್ಪು ಉಳಿಸು!" ಎಂದು ಕೂಗುತ್ತಾನೆ.