ಹಾರಲಾರದ ರಾಣಿಯ ಮುಜಂಟಿ ಸಂಸಾರ

ಮುರಕಲ್ಲಿನ ಹಳೆ ಗೋಡೆಯ ಬಿರುಕಿನಿಂದ ಕಂದು ಮೇಣದ ಸಣ್ಣ ಕೊಳವೆಯೊಂದು ಹೊರಚಾಚಿದ್ದರೆ ಅದು ಮುಜಂಟಿ ಜೇನಿನ ಹೆಬ್ಬಾಗಿಲು. ಕರಾವಳಿಯ ಮುಜಂಟಿಯೇ ಮಲೆನಾಡಿನ ಮಿಸ್ರಿ. ಮೈಯಳತೆ 4 ಮಿಲಿಮೀಟರ್ ಆಸುಪಾಸು. ಮುಳ್ಳು ಇದ್ದೂ ಇಲ್ಲದಂತೆ, ಚುಚ್ಚಲು ಬಾರದಷ್ಟು ಕುಗ್ಗಿದೆ. ಹಾಗೆಂದು ಸುಮ್ಮನೆ ಬಿಡುವ ಜೀವವಲ್ಲ. ಗೂಡಿಗೆ ನುಗ್ಗುವ ಇರುವೆಗೆ ಅಂಟು ಮೆತ್ತಿ ಅಲ್ಲೇ ಕಟ್ಟಿಹಾಕುತ್ತದೆ. ಕೈಹಾಕಿದವರ ಕೂದಲು, ಕಿವಿಗೆ ನುಗ್ಗಿ ಕಚ್ಚುತ್ತದೆ.

ಆ ಅಂಟು ಮರಗಳ ಗಾಯದಿಂದ ಒಸರುವ ರಾಳ. ಹಿಂಗಾಲಿನಲ್ಲಿ ಅದನ್ನು ಹೊತ್ತು ತಂದು, ತಮ್ಮ ಮೈಯ ಮೇಣದೊಂದಿಗೆ ಕಲಸಿ ಇಡೀ ಗೂಡು ಕಟ್ಟುತ್ತವೆ. ತುಡುವೆ ಜೇನಿನಂತೆ ಆರು ಮೂಲೆಯ ಎರಿ ಇಲ್ಲಿಲ್ಲ. ತುಪ್ಪಕ್ಕೂ ಪರಾಗಕ್ಕೂ ಪುಟ್ಟ ಗಡಿಗೆಗಳು. ಮರಿಗೆ ಮತ್ತೆ ಮತ್ತೆ ಉಣಿಸುವ ರೂಢಿಯೂ ಇಲ್ಲ. ಕೋಶದ ತುಂಬ ಆಹಾರ ಸುರಿದು, ರಾಣಿ ಅದರ ಮೇಲೊಂದು ಮೊಟ್ಟೆ ಇಟ್ಟೊಡನೆ ಬಾಯಿ ಮುಚ್ಚಿಬಿಡುತ್ತವೆ. ಅಷ್ಟೂ ಬುತ್ತಿಯಲ್ಲೇ ಮರಿ ಬೆಳೆಯಬೇಕು.

ತುಡುವೆ ಪಾಲಾಗುವಾಗ ಹಳೆ ರಾಣಿಯೇ ಹಿಂಡಿನೊಂದಿಗೆ ಹೊರಡುತ್ತದೆ. ಮುಜಂಟಿಯ ಹಳೆ ರಾಣಿಗೆ ಹೊಟ್ಟೆ ಎಷ್ಟು ಉಬ್ಬಿರುತ್ತದೆಂದರೆ ಹಾರಲಾಗದು. ಹೊರಡುವುದು ಹೊಸ ರಾಣಿ. ಅದಕ್ಕೂ ಮೊದಲೇ ಕೆಲಸಗಾರ ನೊಣಗಳು ತಾಯಿಗೂಡಿನಿಂದ ಮೇಣ, ತುಪ್ಪ ಸಾಗಿಸಿ ಹತ್ತಿರದ ಪೊಟರೆಯನ್ನು ಸಜ್ಜುಮಾಡಿರುತ್ತವೆ. ಹೀಗಾಗಿ ತುಪ್ಪದ ಆಸೆಗೆ ಗೋಡೆ ಒಡೆದರೆ, ಮರ ಉರುಳಿಸಿದರೆ ಆ ಸಂಸಾರ ಎದ್ದು ಬೇರೆಡೆ ಹೋಗಲಾರದು. ನನಗೆ ಸಹಿಸಲಾಗದ್ದು ಇದೇ. ಸಿಗುವ ತುಪ್ಪವಾದರೂ ವರ್ಷಕ್ಕೆ ಕೆಲವು ನೂರು ಗ್ರಾಂ. ಈ ಬಳಗದ ಜೇನುಗಳ ತುಪ್ಪದಲ್ಲಿ ರಕ್ತದ ಸಕ್ಕರೆಯನ್ನು ನಿಧಾನವಾಗಿ ಏರಿಸುವ ಟ್ರೆಹಲುಲೋಸ್ ಹೇರಳವಾಗಿದೆಯೆಂದು ಆಸ್ಟ್ರೇಲಿಯಾದ ಸಂಶೋಧಕರು 2020ರಲ್ಲಿ ತೋರಿಸಿದ ಮೇಲೆ ಆಸೆ ಇನ್ನೂ ಹೆಚ್ಚಬಹುದು.

ಆದರೆ ಮುಜಂಟಿಯ ನಿಜವಾದ ಗಳಿಕೆ ತೋಟದಲ್ಲಿದೆ. ಎತ್ತರದ ತಳಿಯ ತೆಂಗಿನ ಹಿಂಗಾರದಲ್ಲಿ ಗಂಡು ಹೂಗಳ ಕಾಲ ಮುಗಿದ ಮೇಲೆ ಹೆಣ್ಣು ಹೂ ಸಿದ್ಧವಾಗುತ್ತದೆ. ಕಾಯಿ ಕಚ್ಚಲು ಹೆಚ್ಚಾಗಿ ಪಕ್ಕದ ಮರದ ಪರಾಗವೇ ಬರಬೇಕು. ಅದನ್ನು ತರುವವರಲ್ಲಿ ಇದೂ ಒಂದು. ಮಾವು, ಸೌತೆ, ಕಾಡಿನ ಸಣ್ಣಪುಟ್ಟ ಹೂಗಳಿಗೂ ಎಡತಾಕುತ್ತದೆ. ದೂರ ಹಾರುವ ಶಕ್ತಿಯಿಲ್ಲ, ಸುತ್ತಿನ ಕೆಲವು ನೂರು ಮೀಟರೇ ಅದರ ಲೋಕ. ಆ ಪರಿಧಿಯೊಳಗೆ ಬರೀ ಅಡಿಕೆಯಿದ್ದರೆ ಹೂವೇನೋ ಸಿಕ್ಕೀತು, ರಾಳವೂ ಪೊಟರೆಯೂ ಎಲ್ಲಿಂದ ಬರಬೇಕು? ತೋಟದಂಚಿನ ಹಲಸು, ಮಾವು, ಧೂಪದ ಮುದಿಮರಗಳನ್ನು ಉಳಿಸಿಕೊಂಡವರ ಮನೆಯ ಬಿದಿರಿನ ಅಂಡೆಯಲ್ಲಿ, ಮರದ ಪೆಟ್ಟಿಗೆಯಲ್ಲಿ ಇದು ಒಗ್ಗಿ ಬಾಳುತ್ತದೆ. ತುಂಬಿದ ಗೂಡನ್ನು ಎರಡು ಪಾಲು ಮಾಡಿ, ರಾಣಿಯಿಲ್ಲದ ಪಾಲಿಗೆ ರಾಣಿಕೋಶವಿರುವ ಮರಿಗೂಡಿನ ಭಾಗವನ್ನು ಕೊಟ್ಟರೆ ಅಲ್ಲಿ ಹೊಸ ರಾಣಿ ಹುಟ್ಟುತ್ತದೆ.